‘ಗಾಡ್’ ಶಬ್ದದ ನಿರುಕ್ತಿ: ಹೂತವೋ, ಹುತವೋ?

ಇಂಗ್ಲಿಷಿನ ‘ಗಾಡ್’, ಜರ್ಮನ್ ಭಾಷೆಯ ‘ಗೊಟ್’, ಸ್ವೀಡಿಷ್ ಭಾಷೆಯ ‘ಗುದ್’ ಇವು ಮೂರೂ ಒಂದೇ ಮೂಲಶಬ್ದದ ರೂಪಾಂತರಗಳು. ಈ ಜರ್ಮಾನಿಕ ಕುಲದಲ್ಲಿ ವಿಸ್ತಾರವಾದ ಗ್ರಂಥವುಳ್ಳ ಅತಿ ಪ್ರಾಚೀನ ಭಾಷೆ ಗಾಥಿಕ್. ಕ್ರಿ.ಶ. 4ನೆಯ ಶತಮಾನದಲ್ಲಿ ವುಲ್ಫಿಲನೆಂಬ ಧರ್ಮಾಧ್ಯಕ್ಷನು ಆ ಭಾಷೆಗೆ ಬೈಬಲನ್ನು ಪರಿವರ್ತಿಸಿದನು. ಅದರ ಒಂದು ಭಾಗವನ್ನೊಳಗೊಂಡ, ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಪ್ರತಿಯು ಸ್ವೀಡನ್ನಿನ ಉಪ್ಸಾಲದಲ್ಲಿ ರಕ್ಷಿತವಾಗಿದೆ. ಗಾಥಿಕ್ಕಿನಲ್ಲಿ ಈ ಶಬ್ದದ ಏಕವಚನ ‘ಗುಥ್’, ಬಹುವಚನ ‘ಗುದ’. ಇವೆಲ್ಲಕ್ಕೂ ಮೂಲವಾದ ನಪುಂಸಕರೂಪವನ್ನು ಭಾಷಾಶಾಸ್ತ್ರಜ್ಞರು ‘ಗುದನ್’ ಎಂದು ಊಹಿಸಿರುವರು. ಅದರ ಧಾತು ಯಾವುದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಎರಡು ಭ್ರಾಂತಿಗಳನ್ನು ನಿವಾರಿಸಬೇಕು. ‘ಗಾಡ್’ ಎಂಬುದು ಒಳ್ಳೆಯದೆಂಬರ್ಥದ ‘ಗುಡ್’ ಶಬ್ದದಿಂದ ಬಂದಿತೆಂಬುದು ಮೊದಲನೆಯದು. ಗಾಥಿಕ್ಕಿನಲ್ಲಿ ಒಳ್ಳೆಯದೆಂಬರ್ಥದ ಶಬ್ದ ದೀರ್ಘ ಓಕಾರವುಳ್ಳ ‘ಗೋಥ್ಸ್’. ದೇವವಾಚಕವಾದರೋ ಹ್ರಸ್ವ ಉಕಾರವುಳ್ಳದ್ದು. ಹಳೆಯ ಇಂಗ್ಲಿಷಿನಲ್ಲಿಯೂ ಇವೆರಡಕ್ಕೆ ಹ್ರಸ್ವದೀರ್ಘಭೇದವುಂಟು. ಪಾರಸಿಯ ‘ಖುದಾ’ ಶಬ್ದಕ್ಕೂ ಇದಕ್ಕೂ ಸಂಬಂಧವನ್ನು ಕಲ್ಪಿಸುವುದು ಎರಡನೆಯ ಭ್ರಾಂತಿ. ಸಂಸ್ಕೃತದ ‘ಸ್ವಸೃ’ ಪಾರಸಿಯಲ್ಲಿ ‘ಖ್ವಾಹರ್’ ಆಗಿರುವಂತೆ, ‘ಖುದಾ’ ಎಂಬುದರ ಆದಿಯಲ್ಲಿರುವುದು ‘ಸ್ವ’ ಶಬ್ದದ ಪರಿಣಾಮ. ಅದರ ಪ್ರಾಚೀನ ರೂಪ ‘ಖ್ವದಾಯ್’. ಕಿವಿಗೆ ಸಮಾನವಾಗಿ ಕೇಳಿಸಿದ ಮಾತ್ರಕ್ಕೆ ಎರಡು ಶಬ್ದಗಳು ಸಗೋತ್ರವಾಗಲಾರವು. ವರ್ಣವಿಕಾರವು ನಿಯತವಾಗಿರಬೇಕು.

ಆ ನಿಯತಿಯನ್ನು ಅನುಸರಿಸಿದರೆ ಮಾರ್ಗವು ಸಂಸ್ಕೃತಕ್ಕೇ ತಲಪುತ್ತದೆ. ಸಂಸ್ಕೃತದ ಆದಿ ಹಕಾರಕ್ಕೆ ಜರ್ಮಾನಿಕದಲ್ಲಿ ಗಕಾರವು ಸಂವಾದಿಯಾಗಿ ಬರುವುದುಂಟು: ‘ಹಂಸ’ಕ್ಕೆ ಜರ್ಮನ್ನಿನ ‘ಗಾನ್ಸ್’, ‘ಹ್ಯಸ್’ ಎಂಬುದಕ್ಕೆ ‘ಗೆಸ್ಟರ್ನ್’. ತಕಾರವು ಸಾಮಾನ್ಯವಾಗಿ ಥಕಾರಸದೃಶವಾದ ಊಷ್ಮಧ್ವನಿಯಾಗುತ್ತದೆ. ಪೂರ್ವಸ್ವರವು ಉದಾತ್ತವಲ್ಲದಿದ್ದರೆ ದಕಾರವಾಗುತ್ತದೆ. 1870ರ ದಶಕದಲ್ಲಿ ಕಾರ್ಲ್ ವರ್ನರನು ಕಂಡುಹಿಡಿದ ನಿಯಮವಿದು. ಆದ್ಯುದಾತ್ತವಾದ ‘ಭ್ರಾತಾ’ ಗಾಥಿಕ್ಕಿನಲ್ಲಿ ‘ಬ್ರೋಥರ್’ ಆಗಿ, ಅಂತೋದಾತ್ತವಾದ ‘ಪಿತಾ’ ಮಾತ್ರ ‘ಫದರ್’ ಆದುದು ಇದರಿಂದಲೇ. ‘ಗುದ’ ಎಂಬಲ್ಲಿಯ ದಕಾರವು ಮೂಲಶಬ್ದವು ಅಂತೋದಾತ್ತವಾಗಿತ್ತೆಂಬುದನ್ನು ಸೂಚಿಸುತ್ತದೆ. ಕ್ತಪ್ರತ್ಯಯಾಂತಗಳ ಸ್ವರವೂ ಅದೇ. ಆದುದರಿಂದ ಸಂವಾದಿಯಾಗಬಲ್ಲ ರೂಪಗಳು ಎರಡೇ: ಕರೆಯುವುದೆಂಬರ್ಥದ ಹ್ವೇ ಧಾತುವಿನಿಂದ ‘ಹೂತ’, ಹೋಮಮಾಡುವುದೆಂಬರ್ಥದ ಹು ಧಾತುವಿನಿಂದ ‘ಹುತ’. ಆಕ್ಸ್‌ಫರ್ಡಿನ ಇಂಗ್ಲಿಷ್ ಮಹಾಕೋಶವು ಇವೆರಡು ಧಾತುಗಳನ್ನೂ ಹೇಳಿರುವುದು.

ಹುತಪಕ್ಷದವರ ವಾದವು ಹೀಗೆ: ಹು ಧಾತುವಿನ ಮೂಲಾರ್ಥ ಸುರಿಯುವುದು. ಗ್ರೀಕಿನಲ್ಲಿ ‘ಖುತೊಸ್’ ಎಂದರೆ ಸುರಿಯಲ್ಪಟ್ಟುದು. ಸತ್ತವರ ಮೇಲೆ ಸುರಿದ ಮಣ್ಣಿಗೂ ಹೋಮರನು ಇದೇ ವಿಶೇಷಣವನ್ನು ಪ್ರಯೋಗಿಸಿದ್ದಾನೆ. ಅಂತಹ ಮಣ್ಣದಿಬ್ಬದಲ್ಲಿ ಸನ್ನಿಹಿತವಾದ ಶಕ್ತಿಗೆ ಮೊದಲು ಈ ಹೆಸರು ಸಂದಿರಬೇಕೆಂದು ಅಮೆರಿಕದ ಕ್ಯಾಲ್ವರ್ಟ್ ವಾಟ್ಕಿನ್ಸರು ಊಹಿಸಿದರು. ನಪುಂಸಕಲಿಂಗವೂ ಇದಕ್ಕೆ ಹೊಂದುತ್ತದೆ. ಎಲ್ಲಕ್ಕೂ ಮಿಗಿಲಾಗಿ ‘ಗುಥ್’ ಎಂಬಲ್ಲಿರುವುದು ಹ್ರಸ್ವ ಉಕಾರ. ‘ಹುತ’ವನ್ನು ಅಂಗೀಕರಿಸಿದರೆ ಅದು ಅನಾಯಾಸವಾಗಿ ಸಿದ್ಧಿಸುತ್ತದೆ, ‘ಹೂತ’ವನ್ನು ಅಂಗೀಕರಿಸಿದರೆ ದೀರ್ಘಕ್ಕೆ ಹ್ರಸ್ವವನ್ನು ಹೇಳಬೇಕಾಗಿ ಗೌರವದೋಷವು ಬರುತ್ತದೆ.

ಈ ಗೌರವದೋಷವು ಮೇಲುನೋಟಕ್ಕೆ ತೋರುವಷ್ಟು ಪ್ರಬಲವಲ್ಲ. ಅಂತೋದಾತ್ತವಾದ ‘ವೀರ’ಕ್ಕೆ ಲ್ಯಾಟಿನ್ನಿನಲ್ಲಿ ಹ್ರಸ್ವವುಳ್ಳ ‘ವಿರ್’, ಹಳೆಯ ಇಂಗ್ಲಿಷಿನಲ್ಲಿ ‘ವೆರ್’. ‘ಸೂನು’ವಿಗೆ ಗಾಥಿಕ್ಕಿನಲ್ಲಿ ಹ್ರಸ್ವವುಳ್ಳ ‘ಸುನುಸ್’. ಪಶ್ಚಿಮದ ಭಾಷೆಗಳಲ್ಲಿ ಉದಾತ್ತಕ್ಕೆ ಹಿಂದಿನ ದೀರ್ಘವು ಹೀಗೆ ಹ್ರಸ್ವವಾಗುವುದನ್ನು ರಷ್ಯದ ವಿದ್ವಾಂಸ ದಿಬೊ ಅವರ ಹೆಸರಿನ ನಿಯಮವು ಹೇಳುತ್ತದೆ. ಬೇರೆಡೆ ಕ್ಲೃಪ್ತವಾದ ನಿಯಮವನ್ನು ಇಲ್ಲಿ ಉಪಯೋಗಿಸಿದರೆ ಹೊಸ ಕಲ್ಪನೆಯೇನೂ ಆಗುವುದಿಲ್ಲ. ಆದರೆ ‘ಧೂಮ’ಕ್ಕೆ ಸಂವಾದಿಯಾದ ಲ್ಯಾಟಿನ್ ಶಬ್ದದಲ್ಲಿ ದೀರ್ಘವು ಹಾಗೆಯೇ ಉಳಿದಿರುವುದರಿಂದ ಈ ನಿಯಮವು ನಿರಪವಾದವಲ್ಲ. ಅದು ಹೂತಪಕ್ಷದ ಬಾಧಕವನ್ನು ನಿವಾರಿಸುತ್ತದೆಯೇ ಹೊರತು ಆ ಪಕ್ಷವನ್ನು ಸಾಧಿಸುವುದಿಲ್ಲ. ವರ್ಣವಿಚಾರವು ಇಲ್ಲಿಗೆ ನಿಲ್ಲುತ್ತದೆ.

ನಪುಂಸಕಲಿಂಗದಿಂದಲೂ ನಿರ್ಣಯವಾಗದು. ಸ್ತ್ರೀಪುರುಷರು ಕೂಡಿದ ಸಮೂಹವನ್ನು ಹೇಳುವಾಗ ಗಾಥಿಕ್ ಮೊದಲಾದ ಭಾಷೆಗಳಲ್ಲಿ ನಪುಂಸಕ ಬಹುವಚನವೇ ರೂಢಿ. ದೇವದೇವಿಯರ ಗಣಕ್ಕೆ ಅದು ಸಹಜ. ಗಾಥಿಕ್ಕಿನಲ್ಲಿ ಕ್ರೈಸ್ತರ ದೇವರನ್ನು ಹೇಳುವಾಗ ‘ಗುಥ್’ ರೂಪವು ನಪುಂಸಕವಾಗಿಯೇ ಇದ್ದರೂ ಅದರೊಡನೆ ಅನ್ವಯಿಸುವ ಪದಗಳು ಪುಲ್ಲಿಂಗದಲ್ಲಿ ಬರುತ್ತವೆ. ‘ದೇವರು ಕಾಪಾಡುತ್ತಾನೆ’ ಎಂದು ಬಹುವಚನದ ಕರ್ತೃಪದಕ್ಕೆ ಏಕವಚನದ ಕ್ರಿಯೆಯನ್ನು ಸೇರಿಸುವ ಕನ್ನಡಿಗರಿಗೆ ಇಂತಹ ರೂಪಾರ್ಥವೈಷಮ್ಯವು ಅಪರಿಚಿತವಲ್ಲ.

ಉಳಿದುದು ಕಾರಕವಿಚಾರ. ಇಲ್ಲಿ ಪಾಣಿನೀಯದ ಅಭ್ಯಾಸವುಳ್ಳವರಿಗೆ ಹೇಳತಕ್ಕದ್ದು ಉಂಟು. ಈ ಧಾತುಗಳಿಂದ ಕ್ತಪ್ರತ್ಯಯವು ಕರ್ಮಾರ್ಥದಲ್ಲಿ ಬಂದಿರುವುದು. ಹ್ವೇ ಧಾತುವಿಗೆ ದೇವತೆಯೇ ಕರ್ಮ. ಆದುದರಿಂದ ‘ಹೂತ’ನೆಂದರೆ ದೇವತೆಯೇ. ಇಂದ್ರನಿಗೆ ‘ಪುರುಹೂತ’ನೆಂಬ ಹೆಸರು ಪ್ರಸಿದ್ಧವಾಗಿದೆ. ಹು ಧಾತುವಿಗಾದರೋ ಹವಿಸ್ಸು ಕರ್ಮ, ಅಗ್ನಿ ಅಧಿಕರಣ, ದೇವತೆ ಚತುರ್ಥ್ಯಂತ. ಆ ರೀತಿಯಲ್ಲಿ ‘ಹುತ’ವೆಂದರೆ ಅರ್ಪಿತವಾದ ದ್ರವ್ಯವಾಗುತ್ತದೆಯೇ ಹೊರತು ಅರ್ಪಣೆಯನ್ನು ಸ್ವೀಕರಿಸುವ ದೇವತೆಯಲ್ಲ.

ಇದಕ್ಕೆ ಹುತಪಕ್ಷದವರು ಪ್ರತ್ಯುತ್ತರವನ್ನು ಹೇಳಬಹುದು. ಛಂದಸ್ಸಿನಲ್ಲಿ ಹು ಧಾತುವಿನ ಕರ್ಮಕ್ಕೆ ತೃತೀಯೆಯೂ ಬರುವುದೆಂದು ಪಾಣಿನಿಯೇ ವಿಧಿಸಿರುವನು. ಋಗ್ವೇದದಲ್ಲಿ ಅಗ್ನಿಯು ಘೃತದಿಂದ ‘ಆಹುತ’ನೆಂದು ಸ್ತುತನಾಗಿರುವನು. ಅಲ್ಲಿ ದ್ರವ್ಯವು ಕರಣವಾಗಿ, ದೇವತೆಯೇ ಹ್ರಸ್ವವುಳ್ಳ ಕ್ತಾಂತದಿಂದ ವಾಚ್ಯನಾಗುತ್ತಾನೆ. ಈ ಉತ್ತರವನ್ನು ತಿರಸ್ಕರಿಸುವಂತಿಲ್ಲ. ಆದರೆ ಅದರ ವ್ಯಾಪ್ತಿ ಅಲ್ಪ. ಅಲ್ಲಿ ಆಙ್ ಉಪಸರ್ಗವುಂಟು. ಕೇವಲ ‘ಹುತ’ ಶಬ್ದದ ರೂಢಿ ಹೋಮದ್ರವ್ಯದಲ್ಲಿಯೇ. ಅಗ್ನಿಯಾದರೋ ತಾನೇ ದೇವತೆ, ತಾನೇ ಹವಿಸ್ಸು ಬೀಳುವ ಸ್ಥಾನ. ಆತನಲ್ಲಿ ಒಪ್ಪುವ ವಿಶೇಷಣವು ಇತರ ದೇವತೆಗಳಿಗೆಲ್ಲ ಹೇಗೆ ಸಾಮಾನ್ಯನಾಮವಾಯಿತೆಂಬುದನ್ನು ಬೇರೆಯಾಗಿ ಸಾಧಿಸಬೇಕಾಗುತ್ತದೆ. ಆಹ್ವಾನವಾದರೋ ಸರ್ವದೇವತಾಸಾಧಾರಣ. ಆದುದರಿಂದ ವರ್ಣದಲ್ಲಿ ಸರಳವಾದುದು ಹುತಪಕ್ಷವಾದರೂ ಅರ್ಥದಲ್ಲಿ ಬಲವತ್ತರವಾದುದು ಹೂತಪಕ್ಷ. ವರ್ಣದ ತೊಡಕಿಗೆ ಪರಿಹಾರವು ದೊರೆತಿರುವಾಗ ಅರ್ಥಬಲವನ್ನೇ ಆಶ್ರಯಿಸುವುದು ಯುಕ್ತ. ‘ಹುತ’ವೇ ನಿಶ್ಚಿತವೆಂಬಂತೆ ಬರೆಯುವುದು ಪ್ರಮಾಣವನ್ನು ಮೀರಿದ ಮಾತು.

ಪಕ್ಷ ಯಾವುದಾದರೂ ಒಂದು ಫಲವು ನಿರ್ವಿವಾದ. ‘ದೇವ’ ಶಬ್ದದ ಸಗೋತ್ರವೂ ಜರ್ಮಾನಿಕದಲ್ಲಿತ್ತು: ಹಳೆಯ ನಾರ್ಸಿನಲ್ಲಿ ದೇವತೆಗಳಿಗೆ ‘ತೀವರ್’ ಎಂಬ ಹೆಸರುಂಟು, ಇಂಗ್ಲಿಷಿನ ಮಂಗಳವಾರದ ಹೆಸರಿನಲ್ಲಿರುವ ‘ತೀವ್’ ದೇವತೆಯೂ ಅದೇ ಮೂಲದ್ದು. ಆ ಶಬ್ದವು ಬೆಳಗುವ ಆಕಾಶದ ಸಂಬಂಧದಿಂದ ಬಂದುದು. ದೇವತೆಯ ಸ್ವರೂಪವನ್ನು ಹೇಳತಕ್ಕದ್ದು. ಅದನ್ನು ಹಿಂದಿಕ್ಕಿ ರೂಢವಾದ ‘ಗುದನ್’ ಶಬ್ದವು ಉಪಾಸಕನ ಕ್ರಿಯೆಯಿಂದ, ಅವನ ಕೂಗಿನಿಂದಲೋ ಆಹುತಿಯಿಂದಲೋ, ಹೆಸರನ್ನು ಪಡೆಯಿತು. ಸಾಹಿತ್ಯವನ್ನು ಬೋಧಿಸುವವರು ‘ದೇವ’ ಮತ್ತು ‘ಗಾಡ್’ ಶಬ್ದಗಳನ್ನು ಪರ್ಯಾಯಗಳೆಂದು ಹೇಳಿಕೊಡುವಾಗ ಈ ಪ್ರವೃತ್ತಿನಿಮಿತ್ತಭೇದವನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು.