ಮೂಳೆ ನುಡಿವುದೆಷ್ಟು?

ಬಂಡೀಪುರ ಹುಲಿ ರಕ್ಷಿತಾರಣ್ಯದ ವಲಯವೊಂದಕ್ಕೆ ತನ್ನ ಹೆಸರನ್ನೇ ಕೊಟ್ಟಿರುವ ಎನ್. ಬೇಗೂರಿನ ಸೀಮೆಯಲ್ಲಿ, ಒಲೆಯ ಬೂದಿಯಿಂದಲೋ ತಿಪ್ಪೆಯಿಂದಲೋ ಹೆಕ್ಕಿದ ಮೂಳೆಯ ಚೂರು ಕಡವೆಯದೋ ಕುರಿಯದೋ ಎಂಬುದು ಕೇವಲ ಪ್ರಾಣಿಶಾಸ್ತ್ರದ ಕುತೂಹಲವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೆಸೆಯಿಂದ ಅದು ಒಬ್ಬ ಮನುಷ್ಯನ ಸೆರೆ ಬಿಡುಗಡೆಗಳ ಪ್ರಶ್ನೆ. ಕೀಲೂ ಹಲ್ಲೂ ಉಳಿಯದ ಚೂರಿನ ಮುಂದೆ ಅಂಗರಚನಾಶಾಸ್ತ್ರಜ್ಞನ ಪಳಗಿದ ಕಣ್ಣೂ ನಿರುಪಾಯವಾಗುವುದರಿಂದ, ತನಿಖೆಯು ಡಿಎನ್‌ಎ ಪರೀಕ್ಷೆಯನ್ನು ಆಶ್ರಯಿಸುತ್ತದೆ.

ಈ ವಿದ್ಯೆಯ ಬಲ ಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿದೆ. ಒಂದು ಕೋಶದಲ್ಲಿ ಕೋಶಕೇಂದ್ರದ ಡಿಎನ್‌ಎಗೆ ಎರಡೇ ಪ್ರತಿಗಳಿದ್ದರೆ ಇದಕ್ಕೆ ನೂರಾರು, ಎಷ್ಟೋ ವೇಳೆ ಸಾವಿರಾರು. ಆದಕಾರಣ ಮಳೆ, ಬಿಸಿಲು, ಸೂಕ್ಷ್ಮಜೀವಿಗಳು ಆ ತಂತುವನ್ನು ಛಿದ್ರಗೊಳಿಸಿದ ಮೇಲೂ, ಮೂಳೆಯ ಖನಿಜಾಂಶದ ಮರೆಯಲ್ಲಿ ಕೆಲವು ತುಣುಕುಗಳು ಉಳಿದಿರುತ್ತವೆ. ಮೇಲ್ಪದರವನ್ನು ಕೆರೆದು, ಪುಡಿಮಾಡಿ, ಸುಣ್ಣದಂಶವನ್ನು ಕರಗಿಸಿ, ದೊರೆತ ತುಣುಕುಗಳನ್ನು ಪಿಸಿಆರ್ ಎಂಬ ಪ್ರತಿಮಾಡುವ ತಂತ್ರದಿಂದ ವೃದ್ಧಿಗೊಳಿಸಿ ಓದುತ್ತಾರೆ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಎಸ್. ಕೆ. ವರ್ಮ ಮತ್ತು ಲಾಲ್‌ಜಿ ಸಿಂಗ್ ಅವರು, ಪ್ರಾಣಿ ಯಾವುದೆಂಬ ಪೂರ್ವಕಲ್ಪನೆಯಿಲ್ಲದೆಯೇ ಅಸಂಖ್ಯ ಪ್ರಭೇದಗಳಿಗೆ ಸಲ್ಲುವ ಪ್ರೈಮರುಗಳನ್ನು (ಪಿಸಿಆರ್ ಎಲ್ಲಿಂದ ಆರಂಭವಾಗಬೇಕೆಂದು ಗುರುತಿಸುವ ಕಿರು ಡಿಎನ್‌ಎ ತುಣುಕುಗಳನ್ನು) 2003ರಲ್ಲಿ ಪ್ರಕಟಿಸಿದುದು ನಮ್ಮ ದೇಶದ ಗಣ್ಯ ಸಾಧನೆ. ಆದರೆ ಅವು ಹಿಡಿಯುವ ಸೈಟೊಕ್ರೋಮ್ ಬಿ ಜೀನಿನ ಭಾಗ ಸುಮಾರು 470 ಅಕ್ಷರಗಳಷ್ಟು ಉದ್ದ. ಜೀರ್ಣವಾದ ಮೂಳೆಯಲ್ಲಿ ಅಷ್ಟು ಉದ್ದ ಅಖಂಡವಾಗಿ ಸಿಕ್ಕುವುದು ಅಪರೂಪವಾದುದರಿಂದ, ನೂರು ಇನ್ನೂರು ಅಕ್ಷರಗಳ ಕಿರುತುಣುಕುಗಳಿಗೆ ಶರಣಾಗಬೇಕು. ತುಣುಕು ಕಿರಿದಾದಷ್ಟೂ ಹತ್ತಿರದ ಬಂಧುಪ್ರಭೇದಗಳನ್ನು ಬೇರ್ಪಡಿಸುವ ಶಕ್ತಿಯೂ ಕುಗ್ಗುತ್ತದೆ. ಬೆಳ್ಳಗಾಗುವಷ್ಟು ಸುಟ್ಟ ಮೂಳೆಯಿಂದಂತೂ ಬಹುಮಟ್ಟಿಗೆ ಏನೂ ದೊರೆಯದು. ತಾಯಿಯ ವಂಶವನ್ನಷ್ಟೇ ತಿಳಿಸುವ ಈ ಡಿಎನ್‌ಎ, ನಾಯಿ ತೋಳಗಳ ಮಿಶ್ರಸಂತಾನದಂತಹ ಸಂದರ್ಭದಲ್ಲಿ ಅರ್ಧಸತ್ಯವನ್ನೇ ಹೇಳೀತು.

ಇವೆಲ್ಲ ಪ್ರಯೋಗಶಾಲೆ ಬಲ್ಲ, ಒಪ್ಪಿಕೊಳ್ಳುವ ಮಿತಿಗಳು. ನನ್ನ ಆಕ್ಷೇಪಣೆ ಬೇರೆ. ಪ್ರಾಣಿಯ ಹೆಸರನ್ನು ಹೇಳುವ ವರದಿಯನ್ನು ಅಪರಾಧದ ಕಥೆಯನ್ನೇ ಹೇಳುವ ವರದಿಯೆಂಬಂತೆ ಓದುವ ಅಭ್ಯಾಸ ಅಪಾಯಕರ. ಗಂಡು ಜಿಂಕೆ ತನ್ನ ಕೊಂಬನ್ನು ತಾನೇ ಉದುರಿಸುತ್ತದೆ. ಹುಲಿ ತಿಂದುಳಿಸಿದ ಮೂಳೆಯೂ ಕಾಡಿನಲ್ಲಿ ಬಿದ್ದಿರುತ್ತದೆ. ಕೊಂದವರಾರು, ಕೊಂದದ್ದಾದರೂ ಹೌದೆ, ಎಂಬುದಕ್ಕೆ ಸೈಟೊಕ್ರೋಮಿನಲ್ಲಿ ಉತ್ತರವಿಲ್ಲ. ಇದೇ ಸೀಮೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಆದಿವಾಸಿಯೊಬ್ಬರು, ಜಿಂಕೆಮಾಂಸದ ಆರೋಪದ ಮೇಲೆ ಅರಣ್ಯ ಇಲಾಖೆಯ ವಶದಲ್ಲಿದ್ದಾಗ, 2022ರಲ್ಲಿ ಮೃತಪಟ್ಟರು. ಮನುಷ್ಯನೇ ಇಲ್ಲವಾದ ಮೇಲೆ ಬರುವ ವರದಿ ಎಷ್ಟು ನಿಖರವಾಗಿದ್ದರೇನು?

ಆದಾಗ್ಯೂ ವಿಧಾನವನ್ನು ನಿರಾಕರಿಸುವುದು ಸಲ್ಲದು. ಕುರಿಯ ಮೂಳೆಯನ್ನು ಕುರಿಯದೆಂದೇ ಸಾಧಿಸಿ ನಿರಪರಾಧಿಯನ್ನು ಬಿಡಿಸಬಲ್ಲ ಸಾಕ್ಷಿ, ಆದಿವಾಸಿ ಹಾಡಿಯ ಬಡವನಿಗೆ ಇದಕ್ಕಿಂತ ಬೇರೊಂದು ದೊರೆಯಲಾರದು. ಆದುದರಿಂದ ಮಹಜರಿನ ಹೊತ್ತಿನಲ್ಲಿಯೇ ಮೂಳೆಯನ್ನು ಎರಡು ಪಾಲು ಮಾಡಿ, ಒಣಗಿಸಿ, ಮೊಹರು ಹಾಕಿ, ಒಂದು ಪಾಲನ್ನು ನ್ಯಾಯಾಲಯದ ಸುಪರ್ದಿಗೆ ಒಪ್ಪಿಸಲಿ. ವರದಿಯ ಕನ್ನಡ ಪ್ರತಿಯೊಂದು ಆರೋಪಿಯ ಕೈಗೂ ತಲಪಲಿ.