ಗಿರಣಿಯ ಹೊರಗೆ ನಿಂತವನು

ಜೊನಾಥನ್ ಸ್ಟ್ರೌಡ್ ಅವರ ಕಾದಂಬರಿಗಳನ್ನು ಆಧರಿಸಿ 2023ರಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ‘ಲಾಕ್‌ವುಡ್ ಆ್ಯಂಡ್ ಕೋ’ ಧಾರಾವಾಹಿಗೆ ಎಂಟು ಕಂತುಗಳು. ಮೊದಲನೆಯದನ್ನು ನಾನು ದೆವ್ವದ ಕಥೆಯೆಂದೇ ನೋಡತೊಡಗಿದೆ. ಇಲ್ಲಿಯ ಇಂಗ್ಲೆಂಡಿನಲ್ಲಿ ದೆವ್ವಗಳ ಸುಳಿವು ಚೆನ್ನಾಗಿ ಹತ್ತುವುದು ಎಳೆಯರಿಗೆ. ಆದಕಾರಣ ಕತ್ತಿ, ಉಪ್ಪು, ಕಬ್ಬಿಣದ ಸರಪಳಿ ಹಿಡಿದು ರಾತ್ರಿ ಹೊರಡತಕ್ಕವರೂ ಅವರೇ. ಲೂಸಿಯ ಸಂಪಾದನೆ ತಾಯಿಯ ಕೈ ಸೇರುತ್ತದೆ. ಗಿರಣಿಯೊಂದರಲ್ಲಿ ಅವಳ ಜೊತೆಗಾರರು ಬಲಿಯಾದಾಗ, ಹೊರಗೇ ಉಳಿದ ಮೇಲ್ವಿಚಾರಕನ ಮಾತಿಗೆ ಬೆಲೆ, ಒಳಗಿದ್ದವಳ ಮಾತಿಗಿಲ್ಲ. ಯಾವ ದೆವ್ವವೂ ನನ್ನನ್ನು ಇಷ್ಟು ಕಲಕಲಿಲ್ಲ. ರೂಬಿ ಸ್ಟೋಕ್ಸ್ ಅವರ ಅಭಿನಯವೂ ಈ ಭಾಗದಲ್ಲಿಯೇ ಮೆಚ್ಚತಕ್ಕದ್ದು. ಲಂಡನ್ನಿಗೆ ಬಂದ ಮೇಲೆ ಲಾಕ್‌ವುಡ್ಡನ ಚಟಾಕಿಗಳು ತುಸು ಹೆಚ್ಚಾದವು. ಉರಿದುಹೋಗುವ ಮನೆ ಬರಿಯ ಗದ್ದಲವೆನಿಸಿತು. ಆದರೆ ಹಿರಿಯ ಮೇಲ್ವಿಚಾರಕರೇ ಇಲ್ಲದ ಅವನ ಪುಟ್ಟ ಸಂಸ್ಥೆ ಅವಳಿಗೇಕೆ ಹಿಡಿಸಿತೆಂಬುದು ಆ ಗಿರಣಿಯ ಬಾಗಿಲಲ್ಲೇ ತಿಳಿದುಹೋಗಿತ್ತು.