ಒಂಬತ್ತು ಫ್ರಾಂಕಿನ ಲೆಕ್ಕ

ಎಮಿಲ್ ಝೋಲಾನ ‘ಜರ್ಮಿನಲ್’ ಕಾದಂಬರಿಯನ್ನು ಓದಿದವರ ನೆನಪಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಅದರ ಜನಸಂದಣಿ. ರೊಟ್ಟಿ ಬೇಕೆಂದು ಕೂಗುತ್ತ ಬಯಲಿನಲ್ಲಿ ನುಗ್ಗುವ ಗಣಿಗಾರರು, ಸಿಪಾಯಿಗಳ ಗುಂಡು, ನೀರು ತುಂಬಿ ಕುಸಿಯುವ ಗಣಿ. ನಾನೂ ತರಗತಿಯಲ್ಲಿ ಆ ಭಾಗಗಳನ್ನೇ ಹೊಗಳುತ್ತ ಬಂದವನು. ಈಚೆಗೆ ಅದನ್ನು ಇಂಗ್ಲಿಷ್ ಅನುವಾದದಲ್ಲಿ ಮತ್ತೆ ಓದಿದಾಗ ಮೊದಲ ಭಾಗದ ಒಂದು ಪುಟವನ್ನು ದಾಟಿ ಮುಂದೆ ಹೋಗುವುದೇ ಕಷ್ಟವಾಯಿತು.

ಹಾಗಾಗಲು ಕಾರಣವಿತ್ತು. ನಾನು ಪಾಠ ಹೇಳುವ ಕಾಲೇಜಿನಲ್ಲಿ ಆರು ತಿಂಗಳಿಂದ ನಮಗೆ ಅರ್ಧ ಸಂಬಳ. ಅಧ್ಯಾಪಕರ ಕೊಠಡಿಯಲ್ಲಿ ಒಂದು ಕಾಗದ ಕೈಯಿಂದ ಕೈಗೆ ಸಾಗುತ್ತಿತ್ತು. ಮುಷ್ಕರಕ್ಕೆ ಒಪ್ಪುವವರು ಅದಕ್ಕೆ ರುಜು ಹಾಕಬೇಕು. ಹಾಕಿದರೆ ಆ ಅರ್ಧವೂ ನಿಲ್ಲುವುದು. ಮನೆಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಆ ಪುಟದಲ್ಲಿ ನಡೆಯುವುದಿಷ್ಟೆ: ಬೆಳಗಿನ ಜಾವ, ಗಣಿಗೆ ಹೊರಡುವ ಮೊದಲು, ಮಾಯೂ ಮತ್ತು ಅವನ ಹೆಂಡತಿ ಹಣದ ಮಾತಾಡುತ್ತಾರೆ. ಬಟವಾಡೆಗೆ ಇನ್ನೂ ಆರು ದಿನ. ಅಂಗಡಿಯ ಮೇಗ್ರಾನಿಗೆ ಅರವತ್ತು ಫ್ರಾಂಕ್ ಬಾಕಿ. ದಿನಕ್ಕೆ ಒಂಬತ್ತು ಫ್ರಾಂಕಿನಲ್ಲಿ ಹತ್ತು ಜನ ಹೇಗೆ ಬದುಕುವುದೆಂದು ಅವಳ ಪ್ರಶ್ನೆ. ಗಂಡ ಬೆರಳು ಮಡಿಸುತ್ತಾನೆ: ತನಗೂ ದೊಡ್ಡ ಮಗನಿಗೂ ಮೂರು ಮೂರು, ಮಗಳಿಗೂ ಮುದುಕ ತಂದೆಗೂ ಎರಡೆರಡು, ಕಿರಿಯವನಿಗೆ ಒಂದು; ಒಟ್ಟು ಹನ್ನೊಂದಾಯಿತಲ್ಲ! ಆಗ ಅವಳು ಭಾನುವಾರಗಳನ್ನೂ ಕೆಲಸ ಸಿಗದ ದಿನಗಳನ್ನೂ ಕಳೆದು, ಒಂಬತ್ತಕ್ಕಿಂತ ಹೆಚ್ಚು ಎಂದೂ ಬಂದಿಲ್ಲವೆನ್ನುತ್ತಾಳೆ. ಗಂಡನಿಗೆ ತಿಳಿದಿರುವುದು ಕೂಲಿಯ ದರ, ಹೆಂಡತಿಗೆ ತಿಳಿದಿರುವುದು ಕೈಗೆ ಬಂದ ಹಣ. ಸಂಸಾರವೆಂಬುದನ್ನು ಇಷ್ಟು ಚಿಕ್ಕ ಜಾಗದಲ್ಲಿ ಹಿಡಿದಿಟ್ಟ ಮಾತುಕತೆಯನ್ನು ನಾನು ಬೇರೆ ಕಾದಂಬರಿಗಳಲ್ಲಿ ಹೆಚ್ಚು ಕಂಡಿಲ್ಲ.

ಅವಳು ಆಮೇಲೆ ಸಾಲಕ್ಕೆ ಹೊರಡುತ್ತಾಳೆ. ಮೇಗ್ರಾ ಮೊದಲು ಇಲ್ಲವೆನ್ನುತ್ತಾನೆ. ಗಣಿಯಲ್ಲಿ ಪಾಲಿರುವ ಗ್ರೆಗ್ವಾರ್ ದಂಪತಿಗಳು ಮಕ್ಕಳಿಗೆ ಬೆಚ್ಚನೆಯ ಬಟ್ಟೆ ಕೊಡುತ್ತಾರೆ, ತಿನ್ನಲು ಕೊಡುತ್ತಾರೆ. ಅವಳು ಬೇಡಿದ ಐದು ಫ್ರಾಂಕನ್ನು ಮಾತ್ರ ಕೊಡುವುದಿಲ್ಲ, ಹಣ ಕೊಡುವ ವಾಡಿಕೆ ಅವರಲ್ಲಿಲ್ಲ. ಹಿಂದಿರುಗುವಾಗ ಮೇಗ್ರಾ ಮೆತ್ತಗಾಗಿ ಸಾಮಾನು ಕೊಡುತ್ತಾನೆ. ಸಾಮಾನು ಒಯ್ಯಲು ಮಗಳನ್ನು ಕಳಿಸೆಂಬ ಅವನ ಮಾತಿನ ಅರ್ಥ ತಾಯಿಗೆ ತಿಳಿಯದಿರುವುದಿಲ್ಲ. ಮುಷ್ಕರದ ಸುದ್ದಿಯೇ ಇನ್ನೂ ಎದ್ದಿಲ್ಲ. ಆದರೆ ಅದರ ಬೆಲೆಯೇನೆಂಬುದು ಆಗಲೇ ನಮಗೆ ಗೊತ್ತಾಗಿಬಿಟ್ಟಿದೆ.

ಝೋಲಾ ಇದನ್ನು ಮನೆಯಲ್ಲಿ ಕುಳಿತು ಕಲ್ಪಿಸಿದವನಲ್ಲ. 1884ರ ಫೆಬ್ರವರಿಯಲ್ಲಿ ಆಂಜ಼ಾನಿನ ಗಣಿಗಾರರ ಮುಷ್ಕರ ನಡೆದಿದ್ದಾಗ ಅಲ್ಲಿಗೆ ಹೋಗಿ ಗಣಿಗೂ ಇಳಿದು ಬಂದವನು. ಕಾದಂಬರಿ ಪುಸ್ತಕವಾಗಿ ಬಂದದ್ದು 1885ರಲ್ಲಿ. ಅದರಲ್ಲಿ ಕಂಪನಿಯವರು ಕಲ್ಲಿದ್ದಲಿನ ಬಂಡಿಯೊಂದಕ್ಕೆ ಐವತ್ತು ಸಾಂತೀಮಿನ ಬದಲು ನಲವತ್ತು ಕೊಡುವೆವೆಂದು ಸಾರಿದಾಗ, ಹತ್ತು ಸಾವಿರ ಜನ ದುಡಿಯುವ ಆ ಕಂಪನಿಯ ಕೆಲಸಗಾರರ ನಿಧಿಯಲ್ಲಿದ್ದದ್ದು ಮೂರು ಸಾವಿರ ಫ್ರಾಂಕ್. ನಾಯಕ ಎತಿಯೆನ್‌ಗೂ ಇದು ಸಾಲದೆಂದು ಗೊತ್ತು. ಮಾಯೂವಿನ ಹೆಂಡತಿಗಂತೂ ಹಸಿವು ಎಷ್ಟು ದಿನಕ್ಕೆ ಮನೆ ಸೇರುವುದೆಂಬ ಲೆಕ್ಕ ಬಾಯಿಪಾಠ. ಮಾಲೀಕರೆದುರು ಮಾತಾಡಲು ಗಂಡನನ್ನು ಆರಿಸಿದಾಗ ಆಕೆ ಮೊದಲು ಅಡ್ಡ ಬರುತ್ತಾಳೆ, ಕೊನೆಗೆ ಒಪ್ಪುತ್ತಾಳೆ. ಭಾಷಣಗಳಿಗೆ ಮರುಳಾಗಿ ಬಂದ ಒಪ್ಪಿಗೆಯಲ್ಲ ಅದು. ಆದುದರಿಂದಲೇ ಮುಂದೆ ಗಂಡಸರು ಸಡಿಲವಾದಾಗ ಅವಳು ಸಡಿಲವಾಗುವುದಿಲ್ಲ.

ಗಾಲ್ಸ್‌ವರ್ದಿಯ ‘ಸ್ಟ್ರೈಫ್’ ನಾಟಕವನ್ನು (1909) ಇದರ ಜೊತೆಗಿಟ್ಟು ನೋಡಬಹುದು. ಅಲ್ಲಿಯೂ ಮುಷ್ಕರದ ನಾಯಕನ ಹೆಂಡತಿ ಬಡತನದಲ್ಲಿ ಸಾಯುತ್ತಾಳೆ. ಆದ ಒಪ್ಪಂದ, ಜಗಳಕ್ಕೆ ಮೊದಲೇ ಬರೆದಿಟ್ಟಿದ್ದ ಒಪ್ಪಂದವೇ ಎಂದು ತೆರೆ ಬೀಳುವಾಗ ತಿಳಿಯುತ್ತದೆ. ನ್ಯಾಯಾಧೀಶನಂತೆ ಎರಡು ಕಡೆಯನ್ನೂ ಸಮನಾಗಿ ತೂಗಿದ ನಾಟಕ. ಅದು ಬಹಳ ಅಚ್ಚುಕಟ್ಟು, ನನ್ನ ದೂರೂ ಅದೇ. ಹಸಿದವರ ಮನೆಯಲ್ಲಿ ಯಾವುದೂ ಅಷ್ಟು ಅಚ್ಚುಕಟ್ಟಾಗಿ ಮುಗಿಯುವುದಿಲ್ಲ.

ಝೋಲಾನಲ್ಲಿ ದೋಷವಿಲ್ಲವೆಂದಲ್ಲ. ಸುವಾರಿನ್ ಎಂಬ ಅರಾಜಕವಾದಿ ಗಣಿಗೆ ನೀರು ಹರಿಯುವಂತೆ ಮಾಡುವ ಪ್ರಕರಣ ನನಗೆ ಒಗ್ಗದು. ಕೆಲಸಕ್ಕೆ ಇಳಿಯಬೇಕೋ ಬೇಡವೋ ಎಂದು ನೂರಾರು ಜನ ಎದೆ ಹಿಂಡಿಕೊಳ್ಳುತ್ತಿರುವಾಗ, ಲೇಖಕನು ಆ ತೀರ್ಮಾನವನ್ನೇ ಅವರ ಕೈಯಿಂದ ಕಸಿದುಕೊಂಡು ಪ್ರಳಯಕ್ಕೆ ಒಪ್ಪಿಸಿದಂತಾಯಿತು. ಮೇಗ್ರಾನ ಸಾವಿನ ಬೀಭತ್ಸವೂ ಅತಿಯಾಯಿತು. ಹಸಿವಿನ ಬಗ್ಗೆ ಅಷ್ಟು ಸಂಯಮದಿಂದ ಬರೆದವನಿಗೆ ರಕ್ತದ ಬಗ್ಗೆ ಆ ಸಂಯಮವಿಲ್ಲ.

ಶನಿವಾರ ರಾತ್ರಿ ನಮ್ಮ ಮನೆಯಲ್ಲೂ ಲೆಕ್ಕವಾಯಿತು. ನಾನು ಹೇಳಿದ ಮೊತ್ತವನ್ನು ನನ್ನಾಕೆ ಎರಡು ಸಲ ತಿದ್ದಿದಳು. ಮಗಳ ಫೀಸನ್ನು ನಾನು ಮರೆತೇಬಿಟ್ಟಿದ್ದೆ. “ಎರಡು ತಿಂಗಳು ತಳ್ಳಬಹುದೂಂದ್ರೆ, ಮೂರನೇದು ಆಗೋಲ್ಲ” ಎಂದಳು. ಸೋಮವಾರ ರುಜು ಹಾಕಿದೆ. ಧೈರ್ಯ ಬಂದಿತೆಂದು ಹೇಳಲಾರೆ.

ಕಾದಂಬರಿಯ ಕೊನೆಯಲ್ಲಿ ಗಂಡನನ್ನೂ ಮೂವರು ಮಕ್ಕಳನ್ನೂ ಕಳೆದುಕೊಂಡ ಅವಳು, ಇಳಿದವರ ಕತ್ತು ಹಿಚುಕುವೆನೆಂದಿದ್ದ ಅವಳು, ತಾನೇ ಗಣಿಗೆ ಇಳಿಯುತ್ತಾಳೆ. ಊರು ಬಿಟ್ಟು ಹೊರಟ ಎತಿಯೆನ್ ಎದುರಾದಾಗ ಅವನನ್ನು ದೂರುವುದಿಲ್ಲ. ಮತ್ತೆ ಲೆಕ್ಕ ಹೇಳುತ್ತಾಳೆ: ತನಗೆ ಮೂವತ್ತು ಸೂ, ಕುಂಟನಾದ ಮಗನಿಗೆ ಇಪ್ಪತ್ತು, ಒಟ್ಟು ಐವತ್ತು, ಉಣ್ಣುವವರು ಆರು ಜನ. ಉಳಿದ ಚಿಕ್ಕ ಮಕ್ಕಳು ಗಣಿಗಿಳಿಯುವ ವಯಸ್ಸಿಗೆ ಬರಲು ಇನ್ನೂ ನಾಲ್ಕೈದು ವರ್ಷ ಕಾಯಬೇಕು.